ಫ್ಲೇವರ್ ಚಿಪ್ಸ್: ಮೇಲಿನ ಪುಡಿ ಒರೆಸಿದರೆ ಉಳಿಯುವುದೇನು?

ಫ್ಲೇವರ್ ಹಾಕಿದ ಆಲೂಗಡ್ಡೆ ಚಿಪ್ಸಿನ ಯೋಗ್ಯತೆ ತಿಳಿಯಬೇಕೆಂದರೆ ಮೊದಲು ಕೊಳ್ಳಬೇಕಾದದ್ದು ಅದೇ ಕಂಪನಿಯ ಬರೀ ಉಪ್ಪಿನ ಪ್ಯಾಕೆಟ್. ಮಸಾಲೆ, ಟೊಮೇಟೊ, ಕ್ರೀಮ್ ಎಂದು ಹೊರಗೆ ಎಷ್ಟೇ ದೊಡ್ಡದಾಗಿ ಬರೆದಿದ್ದರೂ 100 ಗ್ರಾಂ ಚಿಪ್ಸಿನಲ್ಲಿ ಆ ಪುಡಿಯ ಪಾಲು ಸಾಮಾನ್ಯವಾಗಿ 6ರಿಂದ 8 ಗ್ರಾಂ. ಹೆಚ್ಚುಕಡಿಮೆ ಮೂರನೇ ಒಂದು ಭಾಗ ಎಣ್ಣೆ. ಮಿಕ್ಕಿದ್ದು ನೀರಾರಿದ ಗಡ್ಡೆ. ಎಣ್ಣೆ ಹಳತಾಗಿದ್ದರೂ ಗಡ್ಡೆ ಸರಿಯಿಲ್ಲದಿದ್ದರೂ ಈ ಆರೆಂಟು ಗ್ರಾಂ ಪುಡಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಉಪ್ಪಿನ ಚಿಪ್ಸಿನಲ್ಲಿ ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ಇಲ್ಲಿ 10ಕ್ಕೆ ಅಂಕ ಹಂಚುವಾಗ ಗಡ್ಡೆ ಮತ್ತು ಎಣ್ಣೆಗೆ 4, ಗರಿಗರಿತನಕ್ಕೆ 3, ಫ್ಲೇವರಿಗೆ 2, ಪ್ಯಾಕಿಂಗಿಗೆ 1 ಎಂದು ಇಟ್ಟುಕೊಂಡಿದ್ದೇವೆ. ಫ್ಲೇವರಿಗೆ ಬರೀ ಎರಡೇ ಎಂದರೆ ಮಕ್ಕಳು ಜಗಳಕ್ಕೆ ಬರುತ್ತಾರೆ. ಬರಲಿ.

ಅಂಗಡಿಯಲ್ಲಿ ಪ್ಯಾಕೆಟ್ ಆರಿಸುವಾಗ ಗಡುವು ಮೀರಿಲ್ಲ ಎಂದಷ್ಟೇ ನೋಡಿದರೆ ಸಾಲದು. ಪ್ಯಾಕ್ ಆದ ದಿನಾಂಕ ಹುಡುಕಿ. ಹೊಸದಾಗಿ ಬಂದ ಪ್ಯಾಕೆಟ್ಟಿಗೂ ಗಡುವಿನ ಅಂಚಿಗೆ ಬಂದದ್ದಕ್ಕೂ ಇರುವ ಅಂತರ ಎಷ್ಟೋ ಸಲ ಎರಡು ಬ್ರ್ಯಾಂಡುಗಳ ನಡುವಿನ ಅಂತರಕ್ಕಿಂತ ಹೆಚ್ಚು. ಹೋಲಿಸಿ ನೋಡುವ ಪ್ಯಾಕೆಟ್ಟುಗಳ ವಯಸ್ಸು ಆದಷ್ಟು ಹತ್ತಿರವಿರಲಿ. ಇಲ್ಲವಾದರೆ ನೀವು ಹೋಲಿಸುವುದು ಗೋದಾಮುಗಳನ್ನೇ ಹೊರತು ಚಿಪ್ಸನ್ನಲ್ಲ. ಅಂಗಡಿ ಮುಂದೆ ಬಿಸಿಲಿಗೆ ಸರವಾಗಿ ತೂಗುಹಾಕಿದ ಐದು ರೂಪಾಯಿಯ ಪ್ಯಾಕೆಟ್ ಕೀಳಬೇಡಿ, ಒಳಗಿನ ಶೆಲ್ಫಿನದನ್ನು ಕೇಳಿ. ಒಳಮೈ ಬೆಳ್ಳಿ ಬಣ್ಣದ ಹಾಳೆ ಬೆಳಕನ್ನು ತಡೆದೀತು, ಬಿಸಿಯನ್ನು ತಡೆಯದು.

ಮನೆಯಲ್ಲಿ ನೋಡುವ ಕ್ರಮ ಸುಲಭ. ಪ್ಯಾಕೆಟ್ಟಿನಿಂದ ನೇರವಾಗಿ ತಿನ್ನಬೇಡಿ, ತಟ್ಟೆಗೆ ಸುರಿಯಿರಿ. ಸುರಿಯುವವರು ಒಬ್ಬರು, ತಿನ್ನುವವರು ಇನ್ನೊಬ್ಬರಾದರೆ ಒಳ್ಳೆಯದು. ಹೆಸರು ಕಂಡ ಕೂಡಲೇ ನಾಲಿಗೆ ಪಕ್ಷ ಕಟ್ಟುತ್ತದೆ. ಕಿವಿಯೂ ಅಷ್ಟೇ. ಸಂಶೋಧಕರಾದ ಮಾಸ್ಸಿಮಿಲಿಯಾನೊ ಝಂಪೀನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಪ್ಸ್ ಕಚ್ಚುವಾಗಿನ ಸದ್ದನ್ನು ಹೆಡ್‌ಫೋನಿನಲ್ಲಿ ಜೋರು ಮಾಡಿ ಕೇಳಿಸಿದರೆ ತಿಂದವರು ಅದನ್ನು ಹೆಚ್ಚು ತಾಜಾ, ಹೆಚ್ಚು ಗರಿಗರಿ ಎಂದರು. ಚಿಪ್ಸ್ ಮಾತ್ರ ಒಂದೇ. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದು ಕೊಡುವ ಇಗ್ ನೊಬೆಲ್ ಬಹುಮಾನ 2008ರಲ್ಲಿ ಇವರಿಗೆ ಬಂತು. ನಮಗೆ ಇದರಿಂದ ಸಿಗುವ ಉಪಯೋಗ ಇಷ್ಟು: ಟಿವಿ ಆರಿಸಿ, ಕವರಿನ ಪರಪರ ಸದ್ದು ದೂರವಿಡಿ.

ಮೊದಲು ಉಪ್ಪಿನದು, ಆಮೇಲೆ ಕ್ರೀಮ್–ಈರುಳ್ಳಿ, ಟೊಮೇಟೊ, ಮಸಾಲೆ, ಕಟ್ಟಕಡೆಗೆ ಖಾರದ್ದು. ಈ ಸಾಲು ತಪ್ಪಿ ಖಾರ ಮೊದಲಾದರೆ ಉಳಿದವೆಲ್ಲ ಸಪ್ಪೆ. ನಡುನಡುವೆ ಬಾಯಿ ತೊಳೆಯಲು ಉಗುರುಬೆಚ್ಚಗಿನ ನೀರು, ಜೊತೆಗೆ ಒಗ್ಗರಣೆ ಹಾಕದ ಒಣ ಮಂಡಕ್ಕಿ ನಾಲ್ಕು ಕಾಳು. ಖಾರ ನೀರಿಗೆ ಹೋಗುವುದಿಲ್ಲ, ಅದಕ್ಕೆ ಮಜ್ಜಿಗೆಯೇ ಸರಿ. ಎರಡು ಬ್ರ್ಯಾಂಡಿನ ನಡುವೆ ನಿಜವಾಗಿಯೂ ವ್ಯತ್ಯಾಸವಿದೆಯೋ ಬರೀ ಭ್ರಮೆಯೋ ಎಂಬ ಅನುಮಾನ ಬಂದರೆ ಮೂರು ತಟ್ಟೆ ಇಡಿ. ಎರಡರಲ್ಲಿ ಒಂದೇ ಬ್ರ್ಯಾಂಡ್, ಮೂರನೆಯದರಲ್ಲಿ ಇನ್ನೊಂದು. ಬೇರೆಯದು ಯಾವುದೆಂದು ಮತ್ತೆ ಮತ್ತೆ ಸರಿಯಾಗಿ ಹೇಳಲಾಗದಿದ್ದರೆ ಕಡಿಮೆ ಬೆಲೆಯದನ್ನೇ ಕೊಳ್ಳಿ.

ಗಡ್ಡೆಯ ಸಾಕ್ಷಿ

ಫ್ಲೇವರ್ ಚಿಪ್ಸಿನ ಒಂದು ಬಿಲ್ಲೆ ತೆಗೆದುಕೊಂಡು ಒಣ ಬಟ್ಟೆಯಿಂದ ಎರಡೂ ಬದಿ ಒರೆಸಿ, ಬೆಳಕಿಗೆ ಹಿಡಿಯಿರಿ. ತಿಳಿ ಹಳದಿಯಾಗಿ, ಅಂಚು ಮಾತ್ರ ಕೊಂಚ ಹೊನ್ನಿನ ಬಣ್ಣಕ್ಕೆ ತಿರುಗಿದ್ದರೆ ಗಡ್ಡೆ ಒಳ್ಳೆಯದು. ನಡುವೆ ಕಂದು ಮಚ್ಚೆ, ಅಥವಾ ಉಂಗುರದಂತೆ ಸುತ್ತ ಕಂದು ಇದ್ದರೆ ಗಡ್ಡೆಯಲ್ಲಿ ಸಕ್ಕರೆ ಹೆಚ್ಚಿತ್ತು ಎಂದರ್ಥ. ಕಾರ್ಖಾನೆಗಳು ಗಡ್ಡೆಯ ಗ್ಲೂಕೋಸ್ ಮತ್ತು ಫ್ರಕ್ಟೋಸ್ ನೂರಕ್ಕೆ 0.1 ಭಾಗ ಮೀರದಂತೆ ನೋಡಿಕೊಳ್ಳುತ್ತವೆ. ಅದು ಮೀರಿದರೆ ಕಾದ ಎಣ್ಣೆಯಲ್ಲಿ ಆ ಸಕ್ಕರೆಯೂ ಗಡ್ಡೆಯೊಳಗಿನ ಅಮೈನೋ ಆಮ್ಲವೂ ಕೂಡಿ ಕಂದು ಬಣ್ಣ, ಕಹಿ ಬರುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆಹಾರದಲ್ಲಿ ಗುರುತಿಸಿದ, ಆರೋಗ್ಯಕ್ಕೆ ಹಾನಿಕರವೆಂಬ ಶಂಕೆಯಿರುವ ಅಕ್ರಿಲಮೈಡ್ ಕೂಡ ಇದೇ ಕ್ರಿಯೆಯಲ್ಲಿ ಹುಟ್ಟುವಂಥದ್ದು. ಅತಿ ಕಂದಾದ ಬಿಲ್ಲೆಯನ್ನು ಪಕ್ಕಕ್ಕಿಡುವುದು ರುಚಿಗೂ ಒಳ್ಳೆಯದು, ಮೈಗೂ ಒಳ್ಳೆಯದು. ಅಂಚಿನಲ್ಲಿ ಹಸಿರು ಕಂಡರೆ ಆ ಗಡ್ಡೆಗೆ ಹೊಲದಲ್ಲೋ ಗೋದಾಮಿನಲ್ಲೋ ಬೆಳಕು ಬಿದ್ದಿತ್ತು. ಅದನ್ನೂ ಬಿಡಿ.

ಸಕ್ಕರೆ ಹೆಚ್ಚುವುದು ಎಲ್ಲಿಂದ? ಶೀತಲಗೃಹದಿಂದ. ಬಿತ್ತನೆಗೂ ಅಡುಗೆಗೂ ಇಡುವ ಗಡ್ಡೆಯನ್ನು 2ರಿಂದ 4 ಡಿಗ್ರಿಯಲ್ಲಿ ಇಡುತ್ತಾರೆ. ಆ ಚಳಿಗೆ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಚಿಪ್ಸಿನ ಗಡ್ಡೆಯನ್ನು 10–12 ಡಿಗ್ರಿಯಲ್ಲಿ, ಮೊಳಕೆ ಬರದಂತೆ ಔಷಧ ಕೊಟ್ಟು ಇಡಬೇಕು. ಮನೆಯ ಫ್ರಿಜ್ಜಿನಲ್ಲಿಟ್ಟ ಗಡ್ಡೆ ಕರಿದರೆ ಬೇಗ ಕಪ್ಪಾಗುವುದಕ್ಕೂ ಇದೇ ಕಾರಣ.

ತಳಿಯದೂ ದೊಡ್ಡ ಪಾತ್ರ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಕುಫ್ರಿ ಚಿಪ್ಸೋನಾ–1 ಮತ್ತು 2 ಎಂಬ ತಳಿಗಳನ್ನು ಬಿಡುಗಡೆ ಮಾಡಿದ್ದೇ ಈ ಕೆಲಸಕ್ಕೆ. ಗಡ್ಡೆಯ ತೂಕದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಒಣ ಪದಾರ್ಥ, ಸಕ್ಕರೆ ಕಡಿಮೆ. ಒಣ ಪದಾರ್ಥ ಹೆಚ್ಚಿದಷ್ಟೂ ಆವಿಯಾಗಬೇಕಾದ ನೀರು ಕಡಿಮೆ. ನೀರು ಹೋದ ಜಾಗಕ್ಕೆ ಎಣ್ಣೆ ನುಗ್ಗುವುದರಿಂದ ಒಳಸೇರುವ ಎಣ್ಣೆಯೂ ಕಡಿಮೆ. ಹಾಸನದ ಕಡೆ ಮುಂಗಾರಿನಲ್ಲಿ ಹೆಚ್ಚು ಬೆಳೆಯುವ ಕುಫ್ರಿ ಜ್ಯೋತಿ ಸಾಗುವಿಗೆ, ಪಲ್ಯಕ್ಕೆ ಸೊಗಸು. ಮಳೆ ಹೀರಿದ ಆ ಗಡ್ಡೆಯನ್ನು ಚಿಪ್ಸ್ ಮಾಡಿದರೆ ಎಣ್ಣೆ ಕುಡಿದು ಮೆತ್ತಗಾಗುವುದೇ ಹೆಚ್ಚು. ಚಿಪ್ಸ್ ಚೆನ್ನಾಗಿ ಬರಲಿಲ್ಲವೆಂದು ಗಡ್ಡೆಯನ್ನು ಬೈಯುವುದು ನ್ಯಾಯವಲ್ಲ, ಅದು ಬೆಳೆದದ್ದೇ ಬೇರೆ ಕೆಲಸಕ್ಕೆ.

ಇನ್ನು ಎಣ್ಣೆ. ನಮ್ಮಲ್ಲಿ ಹೆಚ್ಚಿನ ಕಂಪನಿಗಳದು ಪಾಮೋಲಿನ್, ಅಂದರೆ ತಾಳೆ ಎಣ್ಣೆಯ ತೆಳು ಭಾಗ. ಒರೆಸಿದ ಬಿಲ್ಲೆಯನ್ನು ಮುರಿದು ಮೂಸಿ. ಬೇಯಿಸಿದ ಆಲೂಗಡ್ಡೆಯ ಮಣ್ಣಿನ ಘಮ ಬರಬೇಕು. ಕಮಟು ವಾಸನೆ, ಬಣ್ಣದ ಡಬ್ಬಿ ತೆರೆದಂಥ ಘಾಟು ಬಂದರೆ ಎಣ್ಣೆ ಆಮ್ಲಜನಕ ತಾಗಿ ಕೆಟ್ಟಿದೆ. ಚಳಿಗಾಲದ ಬೆಳಿಗ್ಗೆ ತಿಂದಾಗ ಅಂಗುಳಿಗೆ ಜಿಡ್ಡಿನ ಪದರ ಅಂಟಿದಂತಾದರೆ ಅದು ಕೆಟ್ಟ ಲಕ್ಷಣವಲ್ಲ. ಪಾಮೋಲಿನ್ ತಂಪಿಗೆ ಬೇಗ ಗಟ್ಟಿಯಾಗುತ್ತದೆ, ಅಷ್ಟೇ.

ಹಲ್ಲಿಗೆ ಸಿಕ್ಕಾಗ

ಕಾರ್ಖಾನೆಯ ತೆಳು ಚಿಪ್ಸ್ ಸಾಮಾನ್ಯವಾಗಿ 1.2ರಿಂದ 1.5 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿದ್ದು. ಹೆಚ್ಚಿದ ಮೇಲೆ ನೀರಿನಲ್ಲಿ ತೊಳೆದು ಮೇಲಿನ ಪಿಷ್ಟ ತೆಗೆಯುತ್ತಾರೆ, 170–180 ಡಿಗ್ರಿ ಎಣ್ಣೆಯಲ್ಲಿ ಮೂರು ನಿಮಿಷದ ಆಸುಪಾಸು ಹರಿಯಬಿಡುತ್ತಾರೆ. ಹೊರಬರುವಾಗ ತೇವ ನೂರಕ್ಕೆ 2ಕ್ಕಿಂತ ಕಡಿಮೆ. ಅದು 3–4ಕ್ಕೆ ಏರಿದರೆ ಗರಿಗರಿತನ ಮುಗಿಯಿತು. ಆಗ ಬಿಲ್ಲೆ ಮುರಿಯುವ ಮುಂಚೆ ಬಾಗುತ್ತದೆ. ಪರೀಕ್ಷೆ ಇದೇ: ಎರಡು ಬೆರಳಿನಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿ. ಒಂದೇ ಸಲಕ್ಕೆ ಟಪ್ಪೆಂದು ಮುರಿದರೆ ಪಾಸು. ಮೊದಲು ಬಾಗಿ ಆಮೇಲೆ ಮುರಿದರೆ ಸೀಲಿನಲ್ಲೋ ಕರಿಯುವಲ್ಲೋ ಏನೋ ತಪ್ಪಿದೆ.

ಮೈಮೇಲೆ ದೊಡ್ಡ ಗುಳ್ಳೆ ಎದ್ದ ಬಿಲ್ಲೆಗಳು ನೋಡಲು ಚೆಂದ. ಆದರೆ ಗುಳ್ಳೆಯೊಳಗೆ ಎಣ್ಣೆ ನಿಂತಿರುತ್ತದೆ. ಪ್ಯಾಕೆಟ್ಟಿನಲ್ಲಿ ಅಂಥವು ಬೆರಳೆಣಿಕೆಯಷ್ಟಿದ್ದರೆ ಪರವಾಗಿಲ್ಲ. ಮಡಚಿಕೊಂಡು ಬೆಂದ ಬಿಲ್ಲೆಗಳಿಗೆ ಅಭಿಮಾನಿಗಳಿದ್ದಾರೆ. ಮಡಿಕೆಯಲ್ಲಿ ಮಸಾಲೆ ಕೂತಿರುತ್ತದೆ, ಕಚ್ಚಿದಾಗ ಎರಡು ಪದರದ ಗಟ್ಟಿತನವೂ ಸಿಗುತ್ತದೆ. ಆದರೆ ತೇವ ಪೂರ್ತಿ ಆರದೆ ಉಳಿಯುವುದೂ ಅಂಥದ್ದರಲ್ಲೇ. ಗೀರು ಹೊಡೆದ ಚಿಪ್ಸ್ ದಪ್ಪ, ಅಷ್ಟು ಸುಲಭವಾಗಿ ಪುಡಿಯಾಗದು, ಗೀರಿನ ತಗ್ಗಿನಲ್ಲಿ ಪುಡಿ ಹೆಚ್ಚು ಹಿಡಿಯುತ್ತದೆ. ಉಪ್ಪು–ಹುಳಿ ಜೋರಾಗಿರುವ ಫ್ಲೇವರಿಗೆ ಅದೇ ಸರಿ. ಕ್ರೀಮ್–ಈರುಳ್ಳಿಯಂಥ ಮೆದು ರುಚಿಗೆ ತೆಳು ಬಿಲ್ಲೆಯೇ ಬೇಕು.

ಪುಡಿ ಅಂಟುವ ಕಥೆಯೂ ಇಲ್ಲೇ ಬರಬೇಕು. ಬಾಣಲೆಯಿಂದ ಬಂದ ಬಿಲ್ಲೆಯ ಮೇಲ್ಮೈ ಎಣ್ಣೆ ಇನ್ನೂ ಬಿಸಿಯಾಗಿ ಹರಿಯುತ್ತಿರುವಾಗಲೇ ಉರುಳುವ ಡ್ರಮ್ಮಿನಲ್ಲಿ ಪುಡಿ ಉದುರಿಸಬೇಕು. ತಣಿದ ಮೇಲೆ ಹಾಕಿದರೆ ಪುಡಿ ಮೈಗೆ ಹತ್ತದೆ ತಳಕ್ಕೆ ಇಳಿಯುತ್ತದೆ. ಪ್ಯಾಕೆಟ್ ಖಾಲಿ ಮಾಡಿ ತಳದ ಪುಡಿ ನೋಡಿ. ಮೇಲಿನ ಬಿಲ್ಲೆ ಸಪ್ಪೆ, ತಳದಲ್ಲಿ ಚಮಚ ತುಂಬ ಮಸಾಲೆ ಎಂದಾದರೆ ತಪ್ಪು ಫ್ಲೇವರಿನದಲ್ಲ, ಡ್ರಮ್ಮಿನದು. ಮೇಲಿನ, ನಡುವಿನ, ತಳದ ಬಿಲ್ಲೆ ಒಂದೊಂದು ತಿಂದು ನೋಡದೆ ಅಂಕ ಕೊಡಬಾರದು.

ಒಂದೊಂದಾಗಿ ಫ್ಲೇವರು

ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿ ಇರಬೇಕೆಂಬುದು ನಿಯಮ. ಮಸಾಲೆಯ ಆವರಣದೊಳಗೆ ಮೊದಲು ಯಾವುದು ಬಂದಿದೆ ನೋಡಿ. ಸಕ್ಕರೆಯೋ ಪಿಷ್ಟದಿಂದ ತೆಗೆದ ಪುಡಿ ಮಾಲ್ಟೋಡೆಕ್ಸ್‌ಟ್ರಿನ್ನೋ ಮುಂದಿದ್ದು ಈರುಳ್ಳಿ, ಮೆಣಸಿನಪುಡಿ ಹಿಂದಿದ್ದರೆ ನಾಲಿಗೆಗೆ ಏನು ಸಿಗಲಿದೆ ಎಂದು ತೆರೆಯುವ ಮುಂಚೆಯೇ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಸೇರ್ಪಡೆ ಪದಾರ್ಥಗಳಿಗೆ ಕೊಟ್ಟ ಅಂಕಿಗಳನ್ನು ಕಂಡು ಹೆದರಬೇಕಿಲ್ಲ. 330 ಎಂದರೆ ನಿಂಬೆಯ ಹುಳಿ ಸಿಟ್ರಿಕ್ ಆಮ್ಲ, 296 ಮ್ಯಾಲಿಕ್, 334 ಹುಣಸೆಯಲ್ಲಿರುವ ಟಾರ್ಟಾರಿಕ್. 551 ಪುಡಿ ಗಂಟುಕಟ್ಟದಂತೆ ಹಾಕುವ ಸಿಲಿಕಾ. 160ಸಿ ಎಂದರೆ ಕೆಂಪು ಮೆಣಸಿನಿಂದ ತೆಗೆದ ಬಣ್ಣ. 627, 631 ಜೋಡಿ ರುಚಿ ಹಿಗ್ಗಿಸುವಂಥದ್ದು. ಒಂದು ತಿಂದರೆ ಇನ್ನೊಂದಕ್ಕೆ ಕೈ ಹೋಗುವುದರಲ್ಲಿ ಇದರದೂ ಪಾಲಿದೆ. 631 ಮೀನು, ಮಾಂಸದಿಂದಲೂ ಬರಬಹುದು, ಪಿಷ್ಟ ಹುದುಗಿಸಿಯೂ ಮಾಡಬಹುದು. ಹಸಿರು ಚುಕ್ಕೆ ಇದ್ದರೆ ಸಸ್ಯಮೂಲದ್ದು. ವಿದೇಶದಿಂದ ಯಾರಾದರೂ ತಂದುಕೊಟ್ಟ ಪ್ಯಾಕೆಟ್ಟಿನಲ್ಲಿ ಆ ಚುಕ್ಕೆ ಇರುವುದಿಲ್ಲ, ಸಸ್ಯಾಹಾರಿಗಳು ಅಲ್ಲಿ ಪಟ್ಟಿ ಓದಲೇಬೇಕು.

ಲೇಸ್ ಭಾರತಕ್ಕೆ ಬಂದದ್ದು 1995ರಲ್ಲಿ. ಅದರ ಕ್ಲಾಸಿಕ್ ಸಾಲ್ಟೆಡ್ ಇಡೀ ಸಾಲಿಗೆ ಅಳತೆಗೋಲು. ತೆಳು, ಹಗುರ, ಉಪ್ಪು ನುಣ್ಣಗೆ. ಬಾಯಲ್ಲಿ ಬೇಗ ಕರಗಿಹೋಗುವುದರಿಂದ ಕಚ್ಚುವ ಸುಖ ಕಡಿಮೆ. 10ಕ್ಕೆ 7.

ಮ್ಯಾಜಿಕ್ ಮಸಾಲಾ ಆ ಕಂಪನಿ ನಮ್ಮ ನಾಲಿಗೆಯನ್ನು ಸರಿಯಾಗಿ ಓದಿದ ಫ್ಲೇವರು. ನಾಲಿಗೆಗೆ ಮೊದಲು ತಾಗುವುದು ಉಪ್ಪು–ಸಿಹಿ, ಕೂಡಲೇ ಅಮ್ಚೂರಿನ ಹುಳಿ, ಆಮೇಲೆ ಈರುಳ್ಳಿ–ಬೆಳ್ಳುಳ್ಳಿಯ ಘಮ, ಕೊನೆಗೆ ಗಂಟಲಲ್ಲಿ ಸಣ್ಣ ಖಾರ. ಈ ನಾಲ್ಕೂ ಒಂದರ ಮೇಲೊಂದು ಬೀಳದೆ ಸಾಲಾಗಿ ಬರುವುದೇ ಇದರ ಜಾಣತನ. ಕೊರತೆ ಸಿಹಿಯದು, ಅಂದರೆ ಸಿಹಿ ಹೆಚ್ಚಾದದ್ದು. ದೊಡ್ಡ ಪ್ಯಾಕೆಟ್ಟಿನ ಅರ್ಧ ದಾಟುವಷ್ಟರಲ್ಲಿ ಹುಳಿ ನಾಲಿಗೆಯ ತುದಿ ಸವೆಸಿ, ಸಕ್ಕರೆ ಮಾತ್ರ ಉಳಿಯುತ್ತದೆ. ಚಿಕ್ಕ ಪ್ಯಾಕೆಟ್ಟಿಗೆ 8, ದೊಡ್ಡದಕ್ಕೆ 7. ಅದೇ ಚಿಪ್ಸು, ಆದರೆ ತಿನ್ನುವ ಪ್ರಮಾಣವೂ ರುಚಿಯ ಭಾಗವೇ.

ಅಮೆರಿಕನ್ ಸ್ಟೈಲ್ ಕ್ರೀಮ್ ಅಂಡ್ ಆನಿಯನ್‌ನ ಹಸಿರು ಚುಕ್ಕೆಗಳು ಕೊತ್ತಂಬರಿಯಲ್ಲ, ಒಣಗಿಸಿದ ಪಾರ್ಸ್ಲಿ. ಹಾಲಿನ ಪುಡಿ ಹುಳಿಯ ಅಂಚನ್ನು ಮೊಂಡಾಗಿಸುತ್ತದೆ, ಈರುಳ್ಳಿ ಹಸಿಯಾಗಿರದೆ ಬೆಂದ ಸಿಹಿಯಾಗಿ ಸಿಗುತ್ತದೆ. ತಾಜಾ ಇದ್ದಾಗ ತುಂಬ ಹಿತ. ಆದರೆ ಹಾಲಿನ ಪುಡಿ ತೇವ ಹೀರುವುದರಲ್ಲಿ ಮುಂದು. ತೆರೆದಿಟ್ಟರೆ ಎಲ್ಲಕ್ಕಿಂತ ಮೊದಲು ಮೆತ್ತಗಾಗುವುದು ಈ ಜಾತಿಯದೇ, ಬ್ರ್ಯಾಂಡ್ ಯಾವುದಾದರೂ ಸರಿ. ಹಳೆಯದಾದರೆ ಹಾಲಿನ ಪುಡಿಗೂ ಮುಗ್ಗು ಬರುತ್ತದೆ. ಹಾಗಾಗಿ ಪ್ಯಾಕ್ ಆದ ದಿನಾಂಕ ಕಡ್ಡಾಯವಾಗಿ ನೋಡಬೇಕಾದ ಫ್ಲೇವರಿದು. 7.

ಸ್ಪ್ಯಾನಿಷ್ ಟೊಮೇಟೊ ಟ್ಯಾಂಗೋದಲ್ಲಿ ಸ್ಪೇನ್ ಹುಡುಕಬೇಡಿ. ಸಾಸಿನ ಸಿಹಿ–ಹುಳಿ, ಕೊಂಚ ಬೆಳ್ಳುಳ್ಳಿ. ಮಕ್ಕಳಿಗೆ ಇಷ್ಟವಾಗುವುದು ಸಹಜ. ದೊಡ್ಡವರಿಗೆ ಹತ್ತು ಬಿಲ್ಲೆಗೆ ಸಾಕೆನಿಸುತ್ತದೆ. ಗಡ್ಡೆಯ ರುಚಿ ಪೂರ್ತಿ ಮುಚ್ಚಿಹೋಗುವುದರಿಂದ 6.

ಅಂಕಲ್ ಚಿಪ್ಸ್ 1992ರಲ್ಲಿ ಅಮೃತ್ ಆಗ್ರೊ ತಂದದ್ದು, 2000ದಲ್ಲಿ ಲೇಸ್ ಮಾಡುವ ಫ್ರಿಟೊ–ಲೇ ಕೈಗೆ ಹೋಯಿತು. ಅದರ ಸ್ಪೈಸಿ ಟ್ರೀಟ್ ಮ್ಯಾಜಿಕ್ ಮಸಾಲಾದ ಒಡಹುಟ್ಟಿದ ಹಾಗಿದ್ದರೂ ಸಿಹಿ ಕಡಿಮೆ, ಖಾರ ನೇರ. ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದರೆ ಹಳೆಯ ಕಾಲದ ಖಾರದ ಚಿಪ್ಸಿಗೆ ಇದೇ ಹತ್ತಿರ. ಸಿಹಿ ಬೇಡವೆನ್ನುವವರಿಗೆ 8. ಐಟಿಸಿ 2007ರಲ್ಲಿ ತಂದ ಬಿಂಗೋ ಸಾಲಿನಲ್ಲಿ ಮೆಣಸಿನಪುಡಿ ಉದುರಿಸಿದ ಆಲೂ ಚಿಪ್ಸ್ ಸರಳ, ಪುಡಿ ಮಿತ, ಗಡ್ಡೆಯ ರುಚಿ ಕಾಣುತ್ತದೆ: 7. ಅದೇ ಬಿಂಗೋದ ಮ್ಯಾಡ್ ಆ್ಯಂಗಲ್ಸ್ ಮತ್ತು ಕುರ್ಕುರೆಯನ್ನು ಈ ಪಂಕ್ತಿಯಲ್ಲಿ ಕೂರಿಸಬೇಡಿ. ಅವು ಧಾನ್ಯ, ಬೇಳೆಯ ಹಿಟ್ಟಿನವು, ಲೆಕ್ಕವೇ ಬೇರೆ.

ಗುಜರಾತ್, ಮಹಾರಾಷ್ಟ್ರದ ಕಡೆ ಹೋದಾಗ ಬಾಲಾಜಿ ವೇಫರ್ಸ್ ಬಿಡಬೇಡಿ. ರಾಜ್‌ಕೋಟ್‌ನ ಸಿನಿಮಾ ಮಂದಿರದ ಕ್ಯಾಂಟೀನಿನಿಂದ ಬೆಳೆದ ಕಂಪನಿ. ಚಿಪ್ಸಿಗೆ ಅಲ್ಲಿ ವೇಫರ್ ಎಂದೇ ರೂಢಿ. ಉಪ್ಪಿನದು ಸೊಗಸು, ಕೊಟ್ಟ ದುಡ್ಡಿಗೆ ತೂಕವೂ ಧಾರಾಳ.

ಪ್ರಿಂಗಲ್ಸ್ ಬೇರೆಯದೇ ಪ್ರಾಣಿ. ಗಡ್ಡೆ ಹೆಚ್ಚಿ ಕರಿದದ್ದಲ್ಲ. ಒಣ ಆಲೂಪುಡಿಗೆ ಇತರ ಹಿಟ್ಟು ಸೇರಿಸಿ ಕಲಸಿ, ಲಟ್ಟಿಸಿ, ಅಚ್ಚಿನಲ್ಲಿ ಬಾಗಿಸಿ ಕರಿದದ್ದು. ಅದಕ್ಕೇ ಎಲ್ಲ ಬಿಲ್ಲೆಗಳೂ ಒಂದೇ ಅಳತೆ, ಒಂದೇ ಬಣ್ಣ. ಇದು ಆಲೂ ಚಿಪ್ಸ್ ಹೌದೋ ಅಲ್ಲವೋ ಎಂದು ಬ್ರಿಟನ್ನಿನಲ್ಲಿ ತೆರಿಗೆಯ ವ್ಯಾಜ್ಯವೇ ನಡೆದು, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ತೆರಿಗೆ ಕಟ್ಟಲೇಬೇಕು ಎಂದಿತು. ಪುಡಿ ಬೀಳುವುದು ಒಂದೇ ಬದಿಗೆ. ಆ ಬದಿ ನಾಲಿಗೆಗೆ ತಾಗುವಂತೆ ತಿರುಗಿಸಿ ಇಟ್ಟುಕೊಂಡರೆ ಸೌರ್ ಕ್ರೀಮ್ ಅಂಡ್ ಆನಿಯನ್ ಒಂದು ಕೈ ಹೆಚ್ಚೇ ರುಚಿಸುತ್ತದೆ. ಸಮವಾಗಿ ಮುರಿಯುತ್ತದೆ, ಆದರೆ ಅಗಿಯುತ್ತ ಹೋದಂತೆ ಹಿಟ್ಟಾಗಿ ಹಲ್ಲಿಗೆ ಅಂಟುತ್ತದೆ. ಗಡ್ಡೆಯ ಘಮಕ್ಕೆ ಅಂಕ ಕೊಡುವುದು ಕಷ್ಟ. 6, ಬೆಲೆ ಸೇರಿಸಿದರೆ 5.

ಬಾಣಲೆಯ ಮುಂದೆ

ಬೆಂಗಳೂರಿನ ಹಾಟ್ ಚಿಪ್ಸ್ ಅಂಗಡಿಗಳನ್ನು ಬಿಟ್ಟು ಈ ವಿಷಯ ಮುಗಿಸಲಾಗದು. ಹಲವು ಅಂಗಡಿಗಳಲ್ಲಿ ಗಡ್ಡೆಯನ್ನು ಬಾಣಲೆಯ ಮೇಲೆಯೇ ಹೆಚ್ಚಿ, ತೊಳೆಯದೆ ನೇರ ಎಣ್ಣೆಗೆ ಬಿಡುತ್ತಾರೆ. ಒಮ್ಮೆಗೇ ಇಷ್ಟು ಹಸಿ ಹೋಳು ಬಿದ್ದಾಗ ಎಣ್ಣೆಯ ಶಾಖ ಇಳಿಯುತ್ತದೆ, ಮತ್ತೆ ಏರಲು ಸಮಯ ಹಿಡಿಯುತ್ತದೆ, ಬೇಯುವುದೂ ತಡ. ಮೇಲಿನ ಪಿಷ್ಟ ಹಾಗೇ ಉಳಿದಿರುವುದರಿಂದ ಬಿಲ್ಲೆ ಗಟ್ಟಿ, ಬಣ್ಣ ಹೆಚ್ಚು, ಅಲ್ಲಲ್ಲಿ ಎರಡು ಅಂಟಿಕೊಂಡಿರುತ್ತವೆ. ಮಾಲುಗಳಲ್ಲಿ ಕೆಟಲ್ ಚಿಪ್ಸ್ ಎಂದು ದುಬಾರಿ ಬೆಲೆಗೆ ಮಾರುವ ಚಿಪ್ಸಿನ ಸೂತ್ರವೂ ಇದೇ. ಅದನ್ನು ಕೊಳ್ಳುವ ಮುಂಚೆ ನಿಮ್ಮ ಬಡಾವಣೆಯ ಅಂಗಡಿಯದನ್ನು ಕಾಲು ಕಿಲೋ ತಂದು ಹೋಲಿಸಿ ನೋಡಿ.

ಅಲ್ಲಿನ ಖಾರದ ಚಿಪ್ಸಿಗೆ ಮೆಣಸಿನಪುಡಿ, ಉಪ್ಪು, ಕೊಂಚ ಇಂಗು, ಕೆಲವೆಡೆ ಕರಿದ ಕರಿಬೇವು. ಬಿಸಿ ಇರುವಾಗಲೇ ಕುಲುಕಿದರೆ ಪುಡಿ ಹತ್ತುತ್ತದೆ. ಸಕ್ಕರೆ ಇಲ್ಲ, ಪ್ಯಾಕೆಟ್ ಚಿಪ್ಸಿಗೆ ಇಲ್ಲದ ಗುಣ ಇದು. ತೊಂದರೆ ಇರುವುದು ಎಣ್ಣೆಯಲ್ಲಿ. ಕರಿದ ಎಣ್ಣೆಯ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಕಾಯಿಸಿ ಕಾಯಿಸಿ ಎಣ್ಣೆ ಒಡೆದು ಹುಟ್ಟುವ ಪದಾರ್ಥಗಳು, ನೂರಕ್ಕೆ 25 ಮೀರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಮೀಟರ್ ಇಲ್ಲದ ಗಿರಾಕಿ ಕಣ್ಣಿನಿಂದಲೇ ಅಳೆಯಬೇಕು. ಹೋಳು ತೆಗೆದ ಮೇಲೂ ನೊರೆ ಇಳಿಯದಿದ್ದರೆ, ಬಾಣಲೆ ಸುಮ್ಮನಿದ್ದಾಗಲೂ ಹೊಗೆಯಾಡಿದರೆ, ಜಾಲರಿ ಸೌಟಿನಿಂದ ತೊಟ್ಟಿಕ್ಕುವ ಎಣ್ಣೆ ಅಂಟಂಟಾಗಿ ಎಳೆಯಾದರೆ ಅಲ್ಲಿ ಕೊಳ್ಳಬೇಡಿ. ಹಾಗಲಕಾಯಿ ಕರಿದ ಎಣ್ಣೆಗೇ ಆಲೂ ಬಿಟ್ಟರೆ ವಾಸನೆ ಹೇಳಿಬಿಡುತ್ತದೆ. ಬೆಳಗಿನ ಮೊದಲ ಬಾಣಲೆಯದು ಕೇಳಿ ತೆಗೆದುಕೊಳ್ಳುವವರು ಜಾಣರು. ಒಳ್ಳೆಯ ಅಂಗಡಿಯದಾದರೆ 9 ಕೊಡಲು ಅಡ್ಡಿಯಿಲ್ಲ. ಕೆಟ್ಟದ್ದಾದರೆ 3ಕ್ಕೂ ಯೋಗ್ಯವಲ್ಲ. ಪ್ಯಾಕೆಟ್ಟಿನ ಚಿಪ್ಸಿನಲ್ಲಿ ಇಷ್ಟು ಏರುಪೇರು ಇಲ್ಲ, ಅದರ ಹೆಚ್ಚುಗಾರಿಕೆ ಇರುವುದೂ ಅಲ್ಲೇ.

ಅಂಗಡಿಯ ಚಿಪ್ಸ್ ತುಂಬುವ ಪಾರದರ್ಶಕ ಕವರ್ ಬೆಳಕನ್ನೂ ತಡೆಯದು, ಗಾಳಿಯನ್ನೂ ಪೂರ್ತಿ ತಡೆಯದು. ಗಾಜಿನ ಕಪಾಟಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ದಿನಗಟ್ಟಲೆ ಇಟ್ಟದ್ದು ಕಮಟುವುದು ಖಚಿತ. ಕಟ್ಟಿಟ್ಟ ಕವರ್ ಬೇಡ, ಟ್ರೇಯಿಂದ ತೂಗಿ ಕೊಡಿ ಎನ್ನಿ.

ಕಂಪನಿಯ ಪ್ಯಾಕೆಟ್ ಒಳಗೆ ಗಾಳಿಯೇ ಹೆಚ್ಚೆಂಬ ದೂರು ಹಳೆಯದು. ಅದು ಬರೀ ಗಾಳಿಯಲ್ಲ, ನೈಟ್ರೋಜನ್. ಆಮ್ಲಜನಕವನ್ನು ಹೊರಗಟ್ಟಿ ಎಣ್ಣೆ ಕೆಡದಂತೆ ಕಾಯುತ್ತದೆ, ಲಾರಿಯಲ್ಲಿ ಬಿಲ್ಲೆ ಪುಡಿಯಾಗದಂತೆಯೂ ನೋಡಿಕೊಳ್ಳುತ್ತದೆ. ಹಾಳೆಯ ಒಳಪದರಕ್ಕೆ ಹಬೆಯಾಗಿಸಿ ಹಚ್ಚಿದ ಅಲ್ಯೂಮಿನಿಯಮ್ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಬೆಳಕು, ತೇವ ಎರಡನ್ನೂ ತಡೆಯುವ ಕೆಲಸ ಅದರದು. ಈ ಪದರಗಳನ್ನು ಮತ್ತೆ ಬೇರ್ಪಡಿಸುವುದು ಕಷ್ಟವಾದ್ದರಿಂದ ಗುಜರಿಯವರು ಪ್ಯಾಕೆಟ್ ಮುಟ್ಟುವುದಿಲ್ಲ. ಇದು ಎಲ್ಲ ಕಂಪನಿಗಳಿಗೂ ಅನ್ವಯಿಸುವ ಕೊರತೆ. ಅಮೆರಿಕದಲ್ಲಿ ಸನ್‌ಚಿಪ್ಸ್ ಮಣ್ಣಿನಲ್ಲಿ ಕೊಳೆಯುವ ಕವರ್ ತಂದಿತ್ತು. ಅದರ ಪರಪರ ಸದ್ದು ಕೇಳಲಾಗದೆ ಜನ ಗಲಾಟೆ ಮಾಡಿ, 2010ರಲ್ಲಿ ಹೆಚ್ಚಿನ ಫ್ಲೇವರುಗಳಿಗೆ ಹಳೆಯ ಕವರೇ ಮರಳಿತು.

ಆದರೆ ದೂರಿನಲ್ಲಿ ಅರ್ಧ ಸತ್ಯವೂ ಇದೆ. ಐದು, ಹತ್ತು, ಇಪ್ಪತ್ತು ರೂಪಾಯಿಯ ಬೆಲೆ ಕದಲುವುದಿಲ್ಲ, ಗ್ರಾಂ ಕದಲುತ್ತದೆ. ಕವರಿನ ಅಳತೆ ನೋಡಬೇಡಿ, ನಿವ್ವಳ ತೂಕ ನೋಡಿ. ಎಂಆರ್‌ಪಿ ಪಕ್ಕದಲ್ಲಿ ಗ್ರಾಮಿಗೆ ಎಷ್ಟು ಎಂದು ಸಣ್ಣಕ್ಷರದಲ್ಲಿ ಮುದ್ರಿಸಿದ್ದರೆ ಇನ್ನೂ ಸುಲಭ. 50 ಗ್ರಾಮಿಗೆ 20 ರೂಪಾಯಿ ಎಂದರೆ ಕಿಲೋಗೆ 400. ಅಂಗಡಿಯ ಹಾಟ್ ಚಿಪ್ಸಿನ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಸೀಲು ಸರಿಯಿದೆಯೇ ಎಂದು ನೋಡಲು ಪ್ಯಾಕೆಟ್ಟನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದುಕೊಳ್ಳಿ. ನಿಧಾನವಾಗಿ ಇಳಿದರೆ ಸೋರಿಕೆ. ಅನುಮಾನವಿದ್ದರೆ ನೀರಿನಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಏಳುವ ಜಾಗವೇ ತೂತು. ಹೆಚ್ಚಾಗಿ ಅದು ಹಿಂಬದಿಯ ಉದ್ದ ಸೀಲೂ ಮೇಲಿನ ಅಡ್ಡ ಸೀಲೂ ಕೂಡುವ ಮೂಲೆ. ಅಲ್ಲಿ ಪದರಗಳು ಹೆಚ್ಚು, ಚಿಪ್ಸಿನ ಚೂರೊಂದು ಸಿಕ್ಕಿಕೊಂಡರೂ ಸಾಕು. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ದಾರಿಯ ಅಂಗಡಿಗಳಲ್ಲಿ ಪ್ಯಾಕೆಟ್ ಉಬ್ಬಿ ನಿಂತಿರುವುದು ಕೆಟ್ಟಿದೆಯೆಂದಲ್ಲ. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆ, ಒಳಗಿನ ಅನಿಲ ಹಿಗ್ಗುತ್ತದೆ. ಬೆಂಗಳೂರಿನ ಎತ್ತರದಲ್ಲಿ ತುಂಬಿದ್ದು ಘಟ್ಟ ಇಳಿದು ಮಂಗಳೂರು ಸೇರಿದರೆ ಕೊಂಚ ಜೋಲುತ್ತದೆ. ಅದೂ ಸೋರಿಕೆಯಲ್ಲ. ಊರಿನ ಎತ್ತರ ನೆನಪಿಟ್ಟುಕೊಂಡು ಒತ್ತಿ ನೋಡಿ.

ತೆರೆಯುವಾಗ ಮೇಲಿನ ಸೀಲನ್ನು ಮುಂದೆ, ಹಿಂದೆ ಹಿಡಿದು ಎಳೆಯಿರಿ. ಮೂಲೆಯಿಂದ ಹರಿದರೆ ಹಾಳೆ ಕೆಳತನಕ ಸೀಳುತ್ತದೆ, ಮತ್ತೆ ಮುಚ್ಚಲು ಬರುವುದಿಲ್ಲ. ತೆರೆದ ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಸಾಲದು. ಬಾಯಿ ನಾಲ್ಕು ಮಡಿಕೆ ಮಡಚಿ ಕ್ಲಿಪ್ ಹಾಕಿ, ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿಯಿರಿ. ಕರಾವಳಿಯ ಮಳೆಗಾಲದಲ್ಲಿ ತಟ್ಟೆಯಲ್ಲಿಟ್ಟದ್ದು ಮಾತು ಮುಗಿಯುವುದರೊಳಗೆ ಮೆತ್ತಗಾಗುತ್ತದೆ, ಜನವರಿಯ ಬಯಲುಸೀಮೆಯಲ್ಲಿ ಅಷ್ಟು ಅವಸರವಿಲ್ಲ. ಮೆತ್ತಗಾದ ಉಪ್ಪಿನ ಚಿಪ್ಸನ್ನು 110–120 ಡಿಗ್ರಿಯ ಓವನ್ನಿನಲ್ಲಿ ನಾಲ್ಕೈದು ನಿಮಿಷ, ಇಲ್ಲವೇ ಸಣ್ಣ ಉರಿಯ ಒಣ ತವಾದ ಮೇಲೆ ಬಿಸಿ ಮಾಡಿ ಪೂರ್ತಿ ಆರಲು ಬಿಟ್ಟರೆ ಗರಿಗರಿ ಮರಳುತ್ತದೆ. ಬಿಸಿಯಲ್ಲೇ ಮುಟ್ಟಿ ಇನ್ನೂ ಮೆತ್ತಗಿದೆ ಎಂದು ಮತ್ತೆ ಕಾಯಿಸಬೇಡಿ, ಗಟ್ಟಿಯಾಗುವುದು ಆರಿದ ಮೇಲೆಯೇ. ಮಸಾಲೆ, ಟೊಮೇಟೊ ಚಿಪ್ಸಿಗೆ ಈ ಉಪಾಯ ನಡೆಯದು, ಪುಡಿಯಲ್ಲಿನ ಸಕ್ಕರೆ ಸೀದು ಕಹಿಯಾಗುತ್ತದೆ. ಅಂಥದ್ದನ್ನು ಕೈಯಲ್ಲಿ ಮುರಿದು, ಹೆಚ್ಚಿದ ಈರುಳ್ಳಿ, ಸೌತೆಕಾಯಿ, ನಿಂಬೆರಸದ ಜೊತೆ ಮಂಡಕ್ಕಿಗೆ ಕಲಸಿ. ತಳದ ಪುಡಿಯೂ ಅಲ್ಲೇ ಸಲ್ಲುತ್ತದೆ. ಉಪ್ಪು ಮಾತ್ರ ಮೇಲಿನಿಂದ ಹಾಕಬೇಡಿ. ಕಮಟಿದ್ದನ್ನು ಏನು ಮಾಡಿದರೂ ಸರಿಮಾಡಲಾಗದು, ಎಸೆಯಿರಿ.